‘ಒಂದೇ ಸಾಲಿನ ಕೆಲಸ’ ಎಂಬ ಮಾತನ್ನು ನಿಷೇಧಿಸುವ ಬಗ್ಗೆ

ಮುಕ್ತ ತಂತ್ರಾಂಶ ಬಳಗ
(ಬಂಟ್ವಾಳ–ಬೆಳ್ತಂಗಡಿ–ಮೂಡುಬಿದಿರೆ ವಲಯ)
ಸಂಚಾಲಕರ ಕಚೇರಿ, ಜೆರಾಕ್ಸ್ ಅಂಗಡಿಯ ಮೇಲ್ಮಹಡಿ, ಬಿ.ಸಿ.ರೋಡ್
(ಮೆಟ್ಟಿಲು ಹಿಂಬದಿಯಿಂದ)

ಸಂಖ್ಯೆ: ಮುತಂಬ/ಬಂ.ಬೆ.ಮೂ/ಸುಲಭ/2008-09
ದಿನಾಂಕ: 18-08-2008

ಸುತ್ತೋಲೆ

ವಿಷಯ: ಬಳಗದ ಹ್ಯಾಕಥಾನ್‌ಗೆ ಮೊದಲ ಸಲ ಬರುವವರಿಗೆ ಸುಲಭವಾದ ಕೆಲಸಗಳನ್ನು ಆರಿಸಿ ಕೊಡುವ ಬಗ್ಗೆ, ಹಾಗೂ ಸುಲಭವೆಂದರೆ ಏನೆಂದು ಹಿರಿಯ ಸದಸ್ಯರಿಗೆ ತಿಳಿಯಪಡಿಸುವ ಬಗ್ಗೆ.

ಉಲ್ಲೇಖ: 1) ಇದೇ ವಿಷಯದ ಮೇಲಿನ ಹಿಂದಿನ ಸುತ್ತೋಲೆ (ಹೆಚ್ಚಿನ ಸದಸ್ಯರ ಕಂಪ್ಯೂಟರಿನಲ್ಲಿ ಅಕ್ಷರಗಳೆಲ್ಲ ಚೌಕಾಕಾರವಾಗಿ ಕಂಡ ಕಾರಣ ಯಾರೂ ಓದಿರುವುದಿಲ್ಲ).
2) ಜೂನ್ ತಿಂಗಳ ಹ್ಯಾಕಥಾನ್‌ನಲ್ಲಿ ನಡೆದ ಘಟನೆ.
3) ಸದರಿ ಘಟನೆ ನಡೆದೇ ಇಲ್ಲವೆಂದು ಶ್ರೀ ಗಣೇಶಪ್ರಸಾದ್ ಅವರು ನೀಡಿದ ಮೌಖಿಕ ವಿವರಣೆ.

ಪ್ರಸ್ತಾವನೆ

ಯಾರು ಬೇಕಾದರೂ ಬಳಸಬಹುದಾದ, ತೆರೆದು ನೋಡಬಹುದಾದ, ತಿದ್ದಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಅಂತಹ ಒಂದನ್ನು ಈ ಬಳಗವು ಕೆಲವು ವರ್ಷಗಳಿಂದ ತಯಾರಿಸುತ್ತಾ ಬಂದಿರುತ್ತದೆ. ಕನ್ನಡದಲ್ಲಿ ಟೈಪ್ ಮಾಡಿದ ಪದಗಳ ಕಾಗುಣಿತವನ್ನು ಪರಿಶೀಲಿಸಿ, ತನಗೆ ಗೊತ್ತಿಲ್ಲದ ಪದದ ಅಡಿಗೆ ಕೆಂಪು ಗೆರೆ ಎಳೆಯುವುದು ಅದರ ಕರ್ತವ್ಯ. ಹೆಸರು ‘ಪಂಡಿತ’. ತನಗೆ ಗೊತ್ತಿಲ್ಲದ್ದೆಲ್ಲ ತಪ್ಪೆಂದು ತಿಳಿಯುವ ಅದರ ಗುಣವನ್ನು ನೋಡಿ ಇಟ್ಟ ಹೆಸರು ಇದಲ್ಲ. ಹೊಂದಿಕೆಯು ಕಾಕತಾಳೀಯವಾಗಿರುತ್ತದೆ.

ಪಂಡಿತನ ಕೆಲಸವನ್ನು ಮುಂದುವರಿಸಲು ಆಗಾಗ ಒಂದು ಭಾನುವಾರ ಎಲ್ಲರೂ ಮೂಡುಬಿದಿರೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸೇರುವ ಪದ್ಧತಿ ಉಂಟು. ಇದಕ್ಕೆ ಹ್ಯಾಕಥಾನ್ ಎನ್ನುತ್ತಾರೆ. ‘ಹ್ಯಾಕ್’ ಎಂಬ ಪದವನ್ನು ಕೇಳಿ ಕಾಲೇಜಿನ ವಾಚ್‌ಮನ್ ಗೇಟಿಗೆ ಬೀಗ ಹಾಕಿದ ಪ್ರಸಂಗದ ನಂತರ ಇದನ್ನು ‘ಕಮ್ಮಟ’ ಎಂದು ಕರೆಯಲಾಗುತ್ತಿದೆ.

ಪ್ರತಿ ಕಮ್ಮಟಕ್ಕೂ ಹೊಸಬರು ಬರುತ್ತಾರೆ. ಬಂದವರು ಮತ್ತೆ ಬರುವುದಿಲ್ಲ. ಹೊಸಬರಿಗೆ ಆಸಕ್ತಿ ಇಲ್ಲ ಎಂಬುದು ಇದಕ್ಕೆ ಕಾರಣವೆಂದು ಹಿರಿಯರ ಸಭೆಯು ಸರ್ವಾನುಮತದಿಂದ ನಿರ್ಣಯಿಸಿತ್ತು. ಸಭೆಗೆ ಹೊಸಬರನ್ನು ಕರೆದಿರಲಿಲ್ಲವಾದ್ದರಿಂದ ಸರ್ವಾನುಮತಕ್ಕೆ ಯಾವುದೇ ಅಡ್ಡಿಯಾಗಲಿಲ್ಲ.

ಉದಾಹರಣೆಗೆ, ಮಡಂತ್ಯಾರಿನ ಹೈಸ್ಕೂಲ್ ಅಧ್ಯಾಪಕರಾದ ಶ್ರೀ ಕೃಷ್ಣಕುಮಾರ ಅವರು ಕಳೆದ ವರ್ಷ ಬಹಳ ಉತ್ಸಾಹದಿಂದ ಬಂದಿದ್ದರು. ಅವರಿಗೆ ಅತ್ಯಂತ ಸುಲಭವಾದ ಕೆಲಸವೆಂದು ಪಂಡಿತನನ್ನು ‘ಕಂಪೈಲ್’ ಮಾಡಲು ಕೊಡಲಾಯಿತು. ಎಂದರೆ, ಬರೆದಿಟ್ಟ ಸಾಲುಗಳನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರುವುದು. ಒಂದು ಆಜ್ಞೆ ಕೊಟ್ಟರೆ ಸಾಕು. ಉಳಿದದ್ದನ್ನು ಕಂಪ್ಯೂಟರೇ ಮಾಡುತ್ತದೆ. ಕೃಷ್ಣಕುಮಾರ ಅವರು ಆಜ್ಞೆ ಕೊಟ್ಟು, ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೇಲಕ್ಕೆ ಓಡುವುದನ್ನು ಬೆಳಗ್ಗಿನಿಂದ ನೋಡುತ್ತಾ ಕುಳಿತರು.

“ಇದು ಮುಗಿಯುವುದು ಯಾವಾಗ?” ಎಂದು ಅವರು ಊಟದ ಹೊತ್ತಿಗೆ ಕೇಳಿದರು.

“ಮುಗೀತದೆ ಸರ್. ನೋಡ್ತಾ ಇರಿ,” ಎಂದು ಹಿರಿಯ ಸದಸ್ಯರಾದ ಶ್ರೀ ಗಣೇಶಪ್ರಸಾದ್ ಉತ್ತರಿಸಿದರು.

ಸಂಜೆ ಕರೆಂಟು ಹೋಯಿತು. ಯು.ಪಿ.ಎಸ್. ಒಮ್ಮೆ ಕೂಗಿ ಸುಮ್ಮನಾಯಿತು. ಆ ನಂತರ ಕೃಷ್ಣಕುಮಾರ ಅವರು ಬಿ.ಸಿ.ರೋಡಿನಲ್ಲಿ ಬಳಗದವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿರುವುದು ಗಮನಕ್ಕೆ ಬಂದಿದ್ದು, ಇದನ್ನು ಆಸಕ್ತಿಯ ಕೊರತೆಯೆಂದು ದಾಖಲಿಸಲಾಗಿದೆ.

ಇಂತಹ ಸುಭದ್ರ ಪರಿಸ್ಥಿತಿಯಲ್ಲಿ ಉಲ್ಲೇಖ (2)ರ ಘಟನೆ ನಡೆದು, ಹಿರಿಯರ ಘನತೆಗೆ ಧಕ್ಕೆ ಬಂದಿರುವುದರಿಂದ ಈ ಕೆಳಗಿನ ಅಂಶಗಳನ್ನು ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗಿದೆ.

1. ವ್ಯಾಖ್ಯೆಗಳು

(ಅ) ‘ಸುಲಭ ಕೆಲಸ’ ಎಂದರೆ, ಹಿರಿಯರು ಸುಲಭವೆಂದು ಹೇಳುತ್ತಾ ಮೂರು ವರ್ಷಗಳಿಂದ ಮಾಡದೆ ಬಿಟ್ಟಿರುವ ಕೆಲಸ.

(ಆ) ‘ಒಂದೇ ಸಾಲು’ ಎಂದರೆ, ತಿದ್ದಬೇಕಾದ ಒಂದು ಸಾಲು. ಅದನ್ನು ತಿದ್ದುವ ಮೊದಲು ತಿಳಿದಿರಬೇಕಾದ ಹಾಗೂ ಎಲ್ಲಿಯೂ ಬರೆದಿಡದ ವಿಷಯಗಳು ಈ ವ್ಯಾಖ್ಯೆಯಲ್ಲಿ ಸೇರುವುದಿಲ್ಲ.

(ಇ) ‘ಹೊಸಬರು’ ಎಂದರೆ, ಎದೆಯ ಮೇಲೆ ‘ಹೊಸಬರು’ ಎಂಬ ಚೀಟಿ ಇರುವವರು. ಚೀಟಿ ಹೇಗೆ ಬಂತು ಎಂಬುದನ್ನು ವಿಚಾರಿಸತಕ್ಕದ್ದಲ್ಲ. (ಕಂಡಿಕೆ 3 ನೋಡುವುದು.)

2. ಘಟನೆಯ ಪೂರ್ವಾರ್ಧ

ಜೂನ್ ತಿಂಗಳ ಕಮ್ಮಟಕ್ಕೆ ಫರಂಗಿಪೇಟೆಯಿಂದ ಕುಮಾರಿ ಆಫ್ರಾ ಎಂಬ ಬಿ.ಸಿ.ಎ. ವಿದ್ಯಾರ್ಥಿನಿ ಬಂದಿದ್ದರು. ಕಾಲೇಜಿನಲ್ಲಿ ಎಲ್ಲರೂ ಪುಸ್ತಕದ ಪ್ರೋಗ್ರಾಮನ್ನೇ ಮತ್ತೆ ಮತ್ತೆ ಬರೆದು ಅಳಿಸುತ್ತಿದ್ದು, ತಾನು ಬರೆದದ್ದನ್ನು ಬೇರೊಬ್ಬರು ಬಳಸಬೇಕೆಂಬ ಆಸೆಯಿಂದ ಬಂದಿರುವುದಾಗಿ ಅವರು ನೋಂದಣಿ ಮೇಜಿನಲ್ಲಿ ತಿಳಿಸಿದರು. ಇಂತಹ ಆಸೆಗೆ ನೋಂದಣಿ ಪತ್ರದಲ್ಲಿ ಕಾಲಂ ಇಲ್ಲದ್ದರಿಂದ ‘ಇತರೆ’ ಎಂದು ಬರೆದುಕೊಳ್ಳಲಾಯಿತು.

ಹೊಸಬರಿಗೆ ಕೆಲಸ ಆರಿಸುವ ಹೊಣೆ ಬೆಳ್ತಂಗಡಿಯ ಶ್ರೀ ಗಣೇಶಪ್ರಸಾದ್ ಅವರದ್ದು. ಪಂಡಿತನನ್ನು ಮೊದಲು ಬರೆದವರು ಇವರೇ. ಪಂಡಿತನ ಒಳಗೆ ಯಾವ ಸಾಲು ಎಲ್ಲಿ ಉಂಟು ಎಂಬುದು ಇವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಕಣ್ಣು ತೆರೆದವರಿಗೆ ಹೇಗೆ ಕಾಣುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

“ಇದು ನೋಡು, ಒಂದೇ ಸಾಲಿನ ಕೆಲಸ,” ಎಂದು ಅವರು ಆಫ್ರಾರಿಗೆ ಹೇಳಿದರು. “ಪಂಡಿತ ಶುರುವಾಗುವಾಗ ‘ದಯಮಾಡಿ ನಿರೀಕ್ಷಿಸಲಾಗುವುದು’ ಅಂತ ಬರ್ತದೆ. ಅದು ತಪ್ಪು. ‘ಸ್ವಲ್ಪ ಕಾಯಿರಿ’ ಅಂತ ಮಾಡು. ಅಷ್ಟೇ.”

ಗಣೇಶಪ್ರಸಾದ್ ನೀರು ಕುಡಿದು ಬರುವಷ್ಟರಲ್ಲಿ ಆಫ್ರಾ ಸಾಲನ್ನು ಹುಡುಕಿ ತಿದ್ದಿಯಾಗಿತ್ತು. ಇದರಿಂದ ಸದರಿ ಕೆಲಸವು ನಿಜವಾಗಿಯೂ ಸುಲಭವೆಂಬ ತಪ್ಪು ಕಲ್ಪನೆ ಹರಡಿತು. ತಿದ್ದಿದ್ದು ಸರಿಯಾಗಿದೆಯೇ ಎಂದು ನೋಡಲು ಪಂಡಿತನನ್ನು ಕಂಪೈಲ್ ಮಾಡಬೇಕು. ಅದಕ್ಕೆ ಇನ್ನೊಂದು ತಂತ್ರಾಂಶ ಬೇಕು. ಆ ಇನ್ನೊಂದಕ್ಕೆ ಮತ್ತೊಂದು ಬೇಕು. ಒಂದೊಂದನ್ನೂ ಇಂಟರ್‌ನೆಟ್ಟಿನಿಂದ ಇಳಿಸಬೇಕು. ಮಳೆಗೆ ಅದು ಬಂದು ಬಂದು ಹೋಗುತ್ತಿತ್ತು. ಆಫ್ರಾ ಒಂದೊಂದಾಗಿ ಎಲ್ಲವನ್ನೂ ತಂದರು. ಕೊನೆಗೆ ಒಂದು ಎಲ್ಲಿ ಹುಡುಕಿದರೂ ಸಿಗಲಿಲ್ಲ.

“ಸರ್, ಇದೊಂದು ಸಿಗ್ತಾ ಇಲ್ಲ. ಇದು ಎಲ್ಲಿ ಉಂಟು?”

“ಅದಾ? ಅದರ ಸೀಡಿ ನನ್ನ ಮನೆಯಲ್ಲಿ ಉಂಟು.”

“ಮನೆಯಲ್ಲಾ? ಬೆಳ್ತಂಗಡಿಯಲ್ಲಾ?”

“ಹೌದು. ಅದು ಹಾಕಿಕೊಳ್ಬೇಕು ಅಂತ ಎಲ್ಲರಿಗೂ ಗೊತ್ತಿರ್ತದೆ. ಇಷ್ಟೂ ಗೊತ್ತಿಲ್ವಾ? ಬಿ.ಸಿ.ಎ. ಅಲ್ವಾ ನೀನು?”

ಗಣೇಶಪ್ರಸಾದ್ ಇದನ್ನು ಕೋಪದಿಂದ ಹೇಳಲಿಲ್ಲ; ಪರದೆ ನೋಡುತ್ತಾ ಹೇಳಿದರು. ಆದರೆ ಲ್ಯಾಬಿನಲ್ಲಿ ಎಲ್ಲರಿಗೂ ಕೇಳಿತು. ಆಫ್ರಾ ಕೀಬೋರ್ಡನ್ನು ಒಳಗೆ ತಳ್ಳಿ, ಬ್ಯಾಗಿನ ಜಿಪ್ ಎಳೆದರು. ಸದರಿಯವರ ಕಣ್ಣು ಒದ್ದೆಯಾಗಿತ್ತು ಎಂಬ ವರದಿಯ ಬಗ್ಗೆ ವಿವರಣೆ ಕೇಳಲಾಗಿ, ಲ್ಯಾಬಿನ ಎ.ಸಿ.ಯ ಗಾಳಿಯಿಂದ ಹಾಗಾಗಿರಬಹುದೆಂದು ಗಣೇಶಪ್ರಸಾದ್ ತಿಳಿಸಿರುತ್ತಾರೆ. ಲ್ಯಾಬಿನಲ್ಲಿ ಎ.ಸಿ. ಇರುವುದಿಲ್ಲ.

3. ಅನಧಿಕೃತ ಹೊಸಬರ ಬಗ್ಗೆ

ಆಫ್ರಾರ ಜೊತೆಯಲ್ಲಿ ಅವರ ತಾಯಿ ಶ್ರೀಮತಿ ಜುಲೈಕಾ ಬಂದಿದ್ದರು. ಬಂದ ಉದ್ದೇಶ: ಮಗಳನ್ನು ಬಿಡುವುದು, ಸಂಜೆ ಕರೆದುಕೊಂಡು ಹೋಗುವುದು. ನಡುವೆ ಹೋಗಿ ಬರಲು ಫರಂಗಿಪೇಟೆ ದೂರವಾದ್ದರಿಂದ ಲ್ಯಾಬಿನಲ್ಲಿಯೇ ಕುಳಿತರು. ಬಾಗಿಲು ದಾಟಿದವರಿಗೆಲ್ಲ ಚೀಟಿ ಅಂಟಿಸುವಂತೆ ಆದೇಶ ಪಡೆದಿದ್ದ ನೋಂದಣಿ ಮೇಜಿನ ಶ್ರೀ ಲೋಕನಾಥ ಅವರು ಇವರಿಗೂ ‘ಹೊಸಬರು’ ಎಂಬ ಚೀಟಿ ಅಂಟಿಸಿದರು. ಚೀಟಿ ಇದ್ದವರಿಗೆ ಕಂಪ್ಯೂಟರ್ ಕೊಡಬೇಕೆಂಬ ನಿಯಮ ಇರುವುದರಿಂದ ಕಂಪ್ಯೂಟರನ್ನೂ ಕೊಡಲಾಯಿತು.

“ನನಗೆ ಇದೆಲ್ಲ ಬರುವುದಿಲ್ಲ,” ಎಂದು ಜುಲೈಕಾ ಹೇಳಿದರು.

“ಪರವಾಗಿಲ್ಲ, ಸುಮ್ಮನೆ ಏನಾದ್ರೂ ಟೈಪ್ ಮಾಡಿ. ಪಂಡಿತ ನೋಡ್ತಾನೆ,” ಎಂದು ಲೋಕನಾಥ ಹೇಳಿ ಹೋದರು.

ಸದರಿ ಲೋಕನಾಥ ಅವರು ಅಂದಿನ ಕಮ್ಮಟದಲ್ಲಿ ನಿಜಕ್ಕೂ ಸುಲಭವಾದ ಕೆಲಸ ಕೊಟ್ಟ ಏಕೈಕ ವ್ಯಕ್ತಿಯಾಗಿದ್ದು, ಅದು ತಮಗೆ ತಿಳಿಯದೆ ಆದದ್ದೆಂದು ಲಿಖಿತ ಹೇಳಿಕೆ ನೀಡಿದ್ದರಿಂದ ಅವರ ಮೇಲೆ ಕ್ರಮ ಕೈಗೊಂಡಿರುವುದಿಲ್ಲ.

ಜುಲೈಕಾ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಾ, ಕಣ್ಣೆದುರಿಗೆ ಇದ್ದದ್ದನ್ನೇ ಬರೆದರು. ಇಲ್ಲಿ ಫ್ಯಾನ್ ಉಂಟು. ಗಾಳಿ ಇಲ್ಲ. ಆಫ್ರಾ ಕೆಲಸ ಮಾಡ್ತಾಳೆ. ನಾನು ನೋಡ್ತೇನೆ. ಸಂಜೆ ಹೋಗುವ. ಬರೆದು ನೋಡಿದರೆ ಪರದೆಯ ತುಂಬ ಕೆಂಪು ಗೆರೆಗಳು. ‘ಇಲ್ಲ’, ‘ಕೆಲಸ’, ‘ನಾನು’ ಮೊದಲಾದ ಒಂದಿಷ್ಟು ಪದಗಳು ಮಾತ್ರ ತಪ್ಪಿಸಿಕೊಂಡಿದ್ದವು.

ಅದೇ ಹೊತ್ತಿಗೆ ಆಫ್ರಾ ಬ್ಯಾಗು ಹಿಡಿದು ಹತ್ತಿರ ಬಂದು, “ಹೋಗುವ ಉಮ್ಮ,” ಎಂದರು.

ಜುಲೈಕಾ ಮಗಳ ಮುಖವನ್ನು ನೋಡಿದರು. ಏನಾಯಿತೆಂದು ಕೇಳಲಿಲ್ಲ, ಕೋಣೆಯ ಆ ಕೊನೆಯಿಂದ ಎಲ್ಲ ಕೇಳಿತ್ತು. ಚೀಟಿ ಸರಿಪಡಿಸಿಕೊಂಡು ಗಣೇಶಪ್ರಸಾದ್ ಅವರನ್ನು ಕರೆದರು.

“ಸರ್, ಸ್ವಲ್ಪ ಇಲ್ಲಿ ಬನ್ನಿ. ನಾನು ಏಳನೇ ಕ್ಲಾಸಿನವರೆಗೆ ಕನ್ನಡವೇ ಕಲಿತದ್ದು. ಇಷ್ಟು ತಪ್ಪು ನನ್ನ ಮೇಷ್ಟ್ರು ಕೂಡ ಹಾಕಿರಲಿಲ್ಲ. ಇದೆಂತ?”

“ಅಮ್ಮಾ, ಅದು... ‘ಉಂಟು’ ಅಂತ ಬರೆಯುವುದಿಲ್ಲ. ‘ಇದೆ’ ಅಂತ ಬರೀಬೇಕು. ‘ಮಾಡ್ತಾಳೆ’ ಅಲ್ಲ, ‘ಮಾಡುತ್ತಾಳೆ’. ಪುಸ್ತಕದ ಭಾಷೆ ಇದು.”

“ಈಗ ನೀವು ನನ್ನ ಮಗಳ ಹತ್ತಿರ ‘ಮನೆಯಲ್ಲಿ ಉಂಟು’ ಅಂದ್ರಲ್ಲ? ನಿಮ್ಮ ಬಾಯಿಯ ಅಡಿಗೆ ಯಾರೂ ಕೆಂಪು ಗೆರೆ ಎಳೆಯಲಿಲ್ಲ.”

ಲ್ಯಾಬಿನಲ್ಲಿ ಯಾರೋ ನಕ್ಕರು. ನಕ್ಕವರ ಗುರುತು ಪತ್ತೆಯಾಗಿದ್ದು, ಅದು ಈ ಸುತ್ತೋಲೆಗೆ ಸಹಿ ಮಾಡುವ ಅಧಿಕಾರಿಯೇ ಆಗಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

4. ಘಟನೆಯ ಉತ್ತರಾರ್ಧ

ಗಣೇಶಪ್ರಸಾದ್ ಅವರು ಪಂಡಿತನ ಪರವಾಗಿ ಸಾಕಷ್ಟು ವಾದ ಮಾಡಿದರು. ಪಂಡಿತನಿಗೆ ಪದಗಳನ್ನು ಬೆಂಗಳೂರಿನಿಂದ ಬಂದ ಲೇಖನಗಳಿಂದ ಕೊಡಲಾಗಿದೆ, ಆಗ ಸಿಕ್ಕಿದ್ದು ಅಷ್ಟೇ, ತಪ್ಪು ಯಾರದ್ದೂ ಅಲ್ಲ ಇತ್ಯಾದಿ. ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡೇ ನಿಂತಿದ್ದ ಆಫ್ರಾ ನಡುವೆ ಬಾಯಿ ಹಾಕಿದರು.

“ಆ ಪದಗಳು ಎಲ್ಲಿರ್ತವೆ ಸರ್? ಅದಕ್ಕೂ ನಿಮ್ಮ ಮನೆಗೆ ಹೋಗ್ಬೇಕಾ?”

“ಇಲ್ಲ ಇಲ್ಲ. ಅದು ಬರೀ ಪದಗಳ ಒಂದು ಫೈಲು. ಸಾಲಿಗೊಂದು ಪದ.”

“ಅದನ್ನು ತೆರೆದು ಒಂದು ಪದ ಸೇರಿಸಿದ್ರೆ ಕಂಪೈಲ್ ಮಾಡ್ಬೇಕಾ?”

“ಬೇಡ. ಸೇವ್ ಮಾಡಿದ್ರೆ ಆಯ್ತು.”

“ಮತ್ತೆ ಈ ಕೆಲಸ ಯಾಕೆ ಕೊಡಲಿಲ್ಲ?”

“ಅದು ಕೆಲಸ ಅಂತ ನನಗೆ ಅನಿಸಿರಲೇ ಇಲ್ಲ,” ಎಂದು ಗಣೇಶಪ್ರಸಾದ್ ಹೇಳಿದರು.

ಈ ವಾಕ್ಯವು ಬಳಗದ ಇತಿಹಾಸದಲ್ಲಿ ಹಿರಿಯ ಸದಸ್ಯರೊಬ್ಬರು ನಿಜ ಹೇಳಿದ ಮೊದಲ ಪ್ರಕರಣವಾಗಿದ್ದು, ಇದು ಪುನರಾವರ್ತನೆಯಾಗದಂತೆ ಎಚ್ಚರ ವಹಿಸತಕ್ಕದ್ದು.

ಆಫ್ರಾ ಬ್ಯಾಗನ್ನು ನೆಲದ ಮೇಲೆ ಇಟ್ಟು, ತಾಯಿಯ ಪಕ್ಕದಲ್ಲಿ ಕುಳಿತು, ಫೈಲನ್ನು ತೆರೆದರು. ‘ಉಂಟು’ ಎಂದು ಸೇರಿಸಿ ಸೇವ್ ಮಾಡಿದರು. ಜುಲೈಕಾರ ಪರದೆಯಲ್ಲಿ ಒಂದು ಕೆಂಪು ಗೆರೆ ಅಳಿಸಿಹೋಯಿತು.

“ಹೋಯ್ತು!” ಎಂದು ಜುಲೈಕಾ ಎಷ್ಟು ಜೋರಾಗಿ ಹೇಳಿದರೆಂದರೆ, ಕರೆಂಟು ಹೋಯಿತೆಂದು ತಿಳಿದು ಹಿಂದಿನ ಸಾಲಿನವರೆಲ್ಲ ತಮ್ಮ ತಮ್ಮ ಕೆಲಸವನ್ನು ಸೇವ್ ಮಾಡಿಕೊಂಡರು.

ಅನಂತರ ಶಿಸ್ತು ಸಂಪೂರ್ಣ ಕುಸಿಯಿತು. ಹಿರಿಯರು ತಮಗೆ ವಹಿಸಿದ ಗಹನವಾದ ಕೆಲಸಗಳನ್ನು ಬಿಟ್ಟು ಆಫ್ರಾರ ಕುರ್ಚಿಯ ಹಿಂದೆ ಬಂದು ನಿಂತರು. ಒಬ್ಬರು ‘ಬೊಂಡ’ ಎಂದರು. ಪಂಡಿತನಿಗೆ ಎಳನೀರು ಮಾತ್ರ ಗೊತ್ತಿತ್ತು. ಒಬ್ಬರು ‘ಬಚ್ಚಂಗಾಯಿ’ ಎಂದರು. ಪಂಡಿತ ಕಲ್ಲಂಗಡಿಯವನು. ‘ಬರುವ’, ‘ಕೂರುವ’, ‘ನೋಡುವ’ ಎಂದು ಊರಿನವರು ಒಬ್ಬರನ್ನೊಬ್ಬರು ಕರೆಯುವ ಮಾತುಗಳೆಲ್ಲ ಒಂದೊಂದಾಗಿ ಫೈಲಿಗೆ ಬಂದವು. ಲೋಕನಾಥ ಅವರು ನೋಂದಣಿ ಮೇಜಿನಿಂದಲೇ “ಮಾರಾಯ ಹಾಕಿ, ಮಾರಾಯ!” ಎಂದು ಕೂಗಿದರು.

ಗಣೇಶಪ್ರಸಾದ್ ಇದನ್ನು ಬಲವಾಗಿ ವಿರೋಧಿಸಿದರು. ಅವರ ಮಾತುಗಳು ಯಥಾವತ್ತಾಗಿ: “ಮಾರಾಯ ಬೇಡ ಮಾರಾಯ್ರೇ!”

ಈ ಬಗ್ಗೆ ಬೇರೆ ಪುರಾವೆಯ ಅಗತ್ಯ ಕಂಡುಬರಲಿಲ್ಲ.

5. ಹೆಸರುಗಳ ಬಗ್ಗೆ

ಸಂಜೆಯ ಚಹಾದ ಹೊತ್ತಿಗೆ ಪದಗಳನ್ನು ಎಲ್ಲರ ಬಳಕೆಗೆ ಕಳುಹಿಸಬೇಕಾಯಿತು. ಪಂಡಿತನ ಮೂಲಪ್ರತಿಗೆ ಏನನ್ನಾದರೂ ಸೇರಿಸುವ ಅಧಿಕಾರ ಇರುವುದು ಗಣೇಶಪ್ರಸಾದ್ ಒಬ್ಬರಿಗೇ. ಅವರು ಎಂದಿನ ಅಭ್ಯಾಸದಂತೆ ತಮ್ಮ ಹೆಸರಿನಲ್ಲಿ ಕಳುಹಿಸಲು ಹೊರಟಾಗ ಜುಲೈಕಾ ಕೇಳಿದರು.

“ಇದನ್ನು ಮಾಡಿದ್ದು ಆಫ್ರಾ ಅಂತ ಬೇರೆಯವರಿಗೆ ಹೇಗೆ ಗೊತ್ತಾಗುವುದು?”

“ಅದಕ್ಕೆ ಒಂದು ಪುಟ ಉಂಟು ಅಮ್ಮಾ. ಕೆಲಸ ಮಾಡಿದವರ ಹೆಸರು ಅದರಲ್ಲಿ ಹಾಕ್ತೇವೆ. ಮುಂದಿನ ಸಲ ಹಾಕುವ.”

“ಒಂದು ಹೆಸರು ಬರೀಲಿಕ್ಕೆ ಎಷ್ಟು ಹೊತ್ತು? ಒಂದೇ ಸಾಲಲ್ವಾ?”

ಗಣೇಶಪ್ರಸಾದ್ ಪುಟವನ್ನು ತೆರೆದರು. ಅದರಲ್ಲಿ ಆ ದಿನದವರೆಗೆ ಇದ್ದದ್ದು ಅವರೊಬ್ಬರ ಹೆಸರು. ಅದರ ಕೆಳಗೆ ‘ಆಫ್ರಾ’ ಎಂದು ಟೈಪ್ ಮಾಡಿದರು. ಕೆಂಪು ಗೆರೆ ಬಂತು. ‘ಜುಲೈಕಾ’ ಎಂದು ಟೈಪ್ ಮಾಡಿದರು. ಅದಕ್ಕೂ ಬಂತು. ಮೇಲಿದ್ದ ‘ಗಣೇಶಪ್ರಸಾದ್’ ಎಂಬುದರ ಅಡಿ ಮಾತ್ರ ಶುಭ್ರವಾಗಿತ್ತು. ಪಂಡಿತ ಹುಟ್ಟಿದ ದಿನವೇ ತಂದೆಯ ಹೆಸರನ್ನು ಕಲಿತಿದ್ದ.



“ನಾವೇ ತಪ್ಪಾ?” ಎಂದು ಜುಲೈಕಾ ಕೇಳಿದರು. ಈ ಸಲ ಅವರ ದನಿಯಲ್ಲಿ ಜಗಳ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ಗಣೇಶಪ್ರಸಾದ್ ಅವರ ಕಿವಿ ಕೆಂಪಾಯಿತು. ಅವರು ಪದಗಳ ಫೈಲನ್ನು ತೆರೆದು, ಯಾರ ಕೈಗೂ ಕೊಡದೆ, ತಾವೇ ಎರಡೂ ಹೆಸರನ್ನು ಸೇರಿಸಿದರು.

“ಸುಲೈಮಾನ್ ಉಂಟಾ?” ಎಂದು ಜುಲೈಕಾ ಕೇಳಿದರು. ಅದು ಅವರ ಯಜಮಾನರ ಹೆಸರು.

“ಇಲ್ಲ. ಹಾಕ್ತೇನೆ.”

“ಬೀಫಾತಿಮಾ?”

“ಇಲ್ಲ. ಹಾಕ್ತೇನೆ.”

“ಕುಶಾಲಪ್ಪ? ನಮ್ಮ ಪಕ್ಕದ ಮನೆಯವರು.”

“ಇಲ್ಲ ಅಮ್ಮಾ, ಅದೂ ಇಲ್ಲ.”

“ಫರಂಗಿಪೇಟೆ?”

“ಬೆಂಗಳೂರು ಉಂಟು,” ಎಂದು ಗಣೇಶಪ್ರಸಾದ್ ಸಣ್ಣ ದನಿಯಲ್ಲಿ ಹೇಳಿದರು.

“ನಾನು ಫರಂಗಿಪೇಟೆ ಕೇಳಿದ್ದು.”

ಆಗ ಆಫ್ರಾ ಕೈ ಚಾಚಿ ‘ಬೆಳ್ತಂಗಡಿ’ ಎಂದು ಟೈಪ್ ಮಾಡಿದರು. ಅದರ ಅಡಿಗೂ ಕೆಂಪು ಗೆರೆ. ಗಣೇಶಪ್ರಸಾದ್ ತಮ್ಮ ಊರಿನ ಹೆಸರನ್ನೇ ಬಹಳ ಹೊತ್ತು ನೋಡಿದರು. ಕೊನೆಗೆ ಕುರ್ಚಿಯಿಂದ ಎದ್ದು, “ನೀನು ಕೂತುಕೋ. ನಾನು ಹೇಳ್ತಾ ಹೋಗ್ತೇನೆ, ನೀನು ಹಾಕು,” ಎಂದರು.

ಅಂದು ಸಂಜೆ ಇಡೀ ವಲಯದ ಊರುಗಳನ್ನು, ಬಸ್‌ಸ್ಟಾಪುಗಳನ್ನು, ಅಲ್ಲಿ ಇಳಿಯುವವರ ಹೆಸರುಗಳನ್ನು ಗಣೇಶಪ್ರಸಾದ್ ಹೇಳುತ್ತಾ ಹೋದರು, ಆಫ್ರಾ ಬರೆಯುತ್ತಾ ಹೋದರು, ಬಿಟ್ಟುಹೋದದ್ದನ್ನು ಜುಲೈಕಾ ನೆನಪಿಸುತ್ತಾ ಹೋದರು. ಸದಸ್ಯರೆಲ್ಲ ಇ-ಮೇಲ್ ಮೂಲಕ ಚರ್ಚಿಸುವ ಮೈಲಿಂಗ್ ಲಿಸ್ಟಿನ ಅನುಮತಿ ಪಡೆಯದೆ, ಸಭೆ ಕರೆಯದೆ, ನಿರ್ಣಯ ಮಾಡದೆ, ಎಲ್ಲವನ್ನೂ ಅದೇ ದಿನ ಮೂಲಪ್ರತಿಗೆ ಸೇರಿಸಲಾಯಿತು. ಕಳುಹಿಸುವ ಗುಂಡಿಯನ್ನು ಒತ್ತಿದ್ದು ಆಫ್ರಾ. ‘ಮಾರಾಯ’ದ ಬಗ್ಗೆ ಬೆಂಗಳೂರಿನ ಸದಸ್ಯರೊಬ್ಬರು ಎತ್ತಿದ ಆಕ್ಷೇಪಣೆಯು ಮೈಲಿಂಗ್ ಲಿಸ್ಟಿನಲ್ಲಿ ಇಂದಿಗೂ ಚರ್ಚೆಯಲ್ಲಿರುತ್ತದೆ.

6. ಆದೇಶಗಳು

ಮೇಲ್ಕಾಣಿಸಿದ ಅವ್ಯವಸ್ಥೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಎಲ್ಲ ಹಿರಿಯ ಸದಸ್ಯರಿಗೆ ಕೆಳಗಿನಂತೆ ಕಟ್ಟಪ್ಪಣೆ ಮಾಡಲಾಗಿದೆ.

6.1. ‘ಒಂದೇ ಸಾಲು’, ‘ಅಷ್ಟೇ’, ‘ಎಂತದೂ ಇಲ್ಲ ಅದರಲ್ಲಿ’ ಎಂಬ ಮಾತುಗಳನ್ನು ಕಮ್ಮಟದ ಆವರಣದಲ್ಲಿ ಬಳಸತಕ್ಕದ್ದಲ್ಲ. ಮನಸ್ಸಿನಲ್ಲಿ ಬಳಸಬಹುದು, ಆದರೆ ಆಗ ತುಟಿ ಅಲುಗಬಾರದು.

6.2. ಸುಲಭವೆಂದು ಆರಿಸಿದ ಪ್ರತಿಯೊಂದು ಕೆಲಸವನ್ನು, ಆರಿಸಿದ ಹಿರಿಯರು ತಾವು ಹಿಂದೆಂದೂ ಕೂರದ ಕಂಪ್ಯೂಟರಿನಲ್ಲಿ ಮೊದಲು ಮಾಡಿ ತೋರಿಸತಕ್ಕದ್ದು. ಆ ವೇಳೆ ಹೊಸಬರೊಬ್ಬರು ಕೈಕಟ್ಟಿಕೊಂಡು ಹಿಂದೆ ನಿಲ್ಲಬೇಕು. ಹಿರಿಯರು ತಡವರಿಸಿದಲ್ಲಿ “ಇಷ್ಟೂ ಗೊತ್ತಿಲ್ವಾ?” ಎಂದು ಒಂದು ಬಾರಿ ಕೇಳಲು ಹೊಸಬರಿಗೆ ಹಕ್ಕಿರುತ್ತದೆ. ಈ ಹಕ್ಕನ್ನು ಮುಂದಿನ ಕಮ್ಮಟಕ್ಕೆ ಉಳಿಸಿಕೊಳ್ಳಲು ಬರುವುದಿಲ್ಲ.

6.3. ಬೇಕಾದ ಯಾವುದೇ ವಸ್ತುವು ಹಿರಿಯರ ಮನೆಯಲ್ಲಿ ಇದ್ದಲ್ಲಿ, ಅಂತಹ ಹಿರಿಯರನ್ನೂ ಮನೆಯಲ್ಲಿಯೇ ಇಡತಕ್ಕದ್ದು.

6.4. ಹೊಸಬರು ಟೈಪ್ ಮಾಡುವಾಗ ನಿಧಾನವಾಯಿತೆಂದು ಕೀಬೋರ್ಡನ್ನು ಎಳೆದುಕೊಳ್ಳುವ ಚಟ ಕೆಲವು ಹಿರಿಯರಲ್ಲಿ ಕಂಡುಬಂದಿದೆ. ಇದನ್ನು ತಡೆಯಲು, ಪಕ್ಕದಲ್ಲಿ ಕೂರುವ ಹಿರಿಯರು ಎರಡೂ ಕೈಗಳಲ್ಲಿ ಎಣ್ಣೆ ಸೋರುವ ಬಿಸಿ ಗೋಳಿಬಜೆ ಹಿಡಿದಿರಬೇಕು. ಅದನ್ನು ತಿಂದರೆ ಕೈ ಖಾಲಿಯಾಗುವುದರಿಂದ ತಿನ್ನುವುದನ್ನು ನಿಷೇಧಿಸಲಾಗಿದೆ. ತಣ್ಣಗಾದ ಗೋಳಿಬಜೆಯನ್ನು ಬದಲಾಯಿಸಲು ಲೋಕನಾಥ ಅವರನ್ನು ನೇಮಿಸಲಾಗಿದೆ. ತಣ್ಣಗಾದದ್ದನ್ನು ಅವರು ತಿನ್ನಬಹುದು.

6.5. ಹೊಸಬರು ಕೆಲಸ ಮುಗಿಸಿದಾಗ ಹಿರಿಯರು ಮುಖದಲ್ಲಿ ಮಿತವಾದ ಸಂತೋಷವನ್ನು ತೋರಿಸತಕ್ಕದ್ದು. ಸಂತೋಷವಾಗದೆ ಇದ್ದಲ್ಲಿ ಕಿಟಕಿಯ ಹೊರಗೆ ನೋಡಬಹುದು. “ಇದನ್ನು ನಾನೇ ಮಾಡಬಹುದಿತ್ತು” ಎಂದವರಿಗೆ, ಅವರು ಈವರೆಗೆ ಮಾಡಬಹುದಾಗಿದ್ದ ಎಲ್ಲ ಕೆಲಸಗಳನ್ನು ಅಲ್ಲಿಯೇ ಕೊಡಲಾಗುವುದು.

6.6. ಮಕ್ಕಳನ್ನು ಬಿಡಲು ಬರುವ ತಾಯಂದಿರು, ಅತ್ತೆಯರು, ಅಜ್ಜಿಯರು ಹಾಗೂ ದಾರಿ ತಪ್ಪಿ ಒಳಬಂದವರೆಲ್ಲರನ್ನು ಹೊಸಬರೆಂದೇ ಪರಿಗಣಿಸತಕ್ಕದ್ದು. ತಾನು ಹೊಸಬನಲ್ಲವೆಂದು ಸಾಧಿಸುವ ಹೊಣೆ ಆಯಾ ವ್ಯಕ್ತಿಯದ್ದು. ವಾಚ್‌ಮನ್‌ಗೆ ಈ ಕಂಡಿಕೆಯಿಂದ ವಿನಾಯಿತಿ ಕೋರಿ ಮನವಿ ಬಂದಿದ್ದು, ತಿರಸ್ಕರಿಸಲಾಗಿದೆ.

6.7. ಕೆಲಸವನ್ನು ಆರಿಸುವಾಗ ‘ಇದು ಪಂಡಿತನಿಗೆ ಬೇಕಾ?’ ಎಂದು ಕೇಳುವ ಮೊದಲು ‘ಇದು ಸಂಜೆಯೊಳಗೆ ಮುಗೀತದಾ, ಮುಗಿದದ್ದು ಮಾಡಿದವರ ಕಣ್ಣಿಗೆ ಕಾಣ್ತದಾ?’ ಎಂದು ಕೇಳತಕ್ಕದ್ದು. ಈ ಕಂಡಿಕೆಯಲ್ಲಿ ಹಾಸ್ಯಾಸ್ಪದವಾದದ್ದು ಏನೂ ಇಲ್ಲದಿರುವುದು ಕಚೇರಿಯ ಕಣ್ತಪ್ಪಿನಿಂದ ಆಗಿದ್ದು, ತಿದ್ದುಪಡಿಯನ್ನು ಪ್ರತ್ಯೇಕವಾಗಿ ಹೊರಡಿಸಲಾಗುವುದು.

6.8. ಈ ಆದೇಶಗಳನ್ನು ಪಾಲಿಸುವುದು ಬಹಳ ಸುಲಭ ಎಂದು ಯಾರೂ ಹೇಳತಕ್ಕದ್ದಲ್ಲ.

7. ಹೊಸ ನೇಮಕಾತಿ ಮತ್ತು ಅದರ ಪರಿಣಾಮ

ಶ್ರೀ ಗಣೇಶಪ್ರಸಾದ್ ಅವರು ಹೊಸಬರಿಗೆ ಕೆಲಸ ಆರಿಸುವ ಹೊಣೆಯನ್ನು ತಾವಾಗಿಯೇ ಬಿಟ್ಟುಕೊಟ್ಟಿರುತ್ತಾರೆ. “ನನಗೆ ಯಾವುದು ಕಷ್ಟ ಅಂತ ಈಗ ಗೊತ್ತಾಗುವುದಿಲ್ಲ. ಅವಳಿಗೆ ಇನ್ನೂ ಗೊತ್ತಾಗ್ತದೆ. ಬೇಗ ಅವಳಿಗೆ ಕೊಡಿ, ಅವಳೂ ಮರೆಯುವ ಮೊದಲು,” ಎಂದು ಅವರು ಸಂಚಾಲಕರಲ್ಲಿ ಹೇಳಿದ್ದನ್ನು ರಾಜೀನಾಮೆಯೆಂದು ಪರಿಗಣಿಸಿ ಅಂಗೀಕರಿಸಲಾಗಿದೆ. ಸದರಿ ಹೊಣೆಯನ್ನು ಕುಮಾರಿ ಆಫ್ರಾ ಅವರಿಗೆ ವಹಿಸಲಾಗಿದೆ.

ಅದರಂತೆ ಜುಲೈ ತಿಂಗಳ ಕಮ್ಮಟದಲ್ಲಿ ಮೂಡುಬಿದಿರೆಯ ಕುಮಾರಿ ದೀಕ್ಷಾ ಎಂಬ ಹೊಸಬರು ಬಂದು ಬಾಗಿಲಲ್ಲಿ ನಿಂತರು. ಚಪ್ಪಲಿ ಕಳಚಬೇಕೇ ಬೇಡವೇ ಎಂದು ತಿಳಿಯದೆ ಒಂದನ್ನು ಕಳಚಿ, ಒಂದನ್ನು ಹಾಕಿಕೊಂಡಿದ್ದರು. ಆಫ್ರಾ ಅವರನ್ನು ಒಳಗೆ ಕರೆದು, ಪರದೆಯ ಮೇಲಿನ ಒಂದು ಕೆಲಸವನ್ನು ತೋರಿಸಿದರು. ದೀಕ್ಷಾ ಅದನ್ನು ಓದಿ, ಹಿಂದೆ ಮುಂದೆ ನೋಡಿ, ಮೆಲ್ಲಗೆ ಕೇಳಿದರು.

“ಇದು ಸುಲಭವಾ?”

ಆರನೇ ಕಂಡಿಕೆಯ ಯಾವ ಉಪಕಂಡಿಕೆಯ ಪ್ರಕಾರ ಉತ್ತರ ಬರುವುದೆಂದು ಹಿರಿಯರೆಲ್ಲ ಕಾದಿದ್ದರು. ಈ ಸುತ್ತೋಲೆಯ ಕರಡು ಆಗಲೇ ಅವರ ಕೈಯಲ್ಲಿತ್ತು. ಆಫ್ರಾ ಕುರ್ಚಿಯನ್ನು ಸ್ವಲ್ಪ ಬದಿಗೆ ಸರಿಸಿ, ಇನ್ನೊಂದು ಕುರ್ಚಿಗೆ ಜಾಗ ಮಾಡಿದರು.

“ನನಗೂ ಗೊತ್ತಿಲ್ಲ,” ಎಂದರು. “ಬಾ, ಒಟ್ಟಿಗೆ ನೋಡುವ.”

ಸದರಿ ಉತ್ತರವು ಯಾವುದೇ ನಿಯಮಕ್ಕೆ ಒಳಪಡುವುದಿಲ್ಲ. ಅದನ್ನು ತಡೆಯಲು ಈ ಕಚೇರಿಯಲ್ಲಿ ಯಾವುದೇ ನಿಯಮ ಇಲ್ಲದಿರುವುದರಿಂದ, ಮುಂದಿನ ಆದೇಶದವರೆಗೆ ಅದೇ ಜಾರಿಯಲ್ಲಿರತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಮುಂದಿನ ಆದೇಶ ಹೊರಡಿಸುವ ಉದ್ದೇಶ ಇರುವುದಿಲ್ಲ.

(ಸಹಿ)
ಅನ್ನಪೂರ್ಣೇಶ್ವರಿ
ಸಂಚಾಲಕರು, ಮುಕ್ತ ತಂತ್ರಾಂಶ ಬಳಗ
ಬಂಟ್ವಾಳ–ಬೆಳ್ತಂಗಡಿ–ಮೂಡುಬಿದಿರೆ ವಲಯ

ಪ್ರತಿಗಳು:
1. ಎಲ್ಲ ಹಿರಿಯ ಸದಸ್ಯರಿಗೆ, ಓದಿ ಅರ್ಥವಾಗದಿದ್ದಲ್ಲಿ ಹೊಸಬರೊಬ್ಬರನ್ನು ಕೇಳುವಂತೆ ಸೂಚಿಸಿ.
2. ಶ್ರೀ ಕೃಷ್ಣಕುಮಾರ, ಅಧ್ಯಾಪಕರು, ಮಡಂತ್ಯಾರು, ಕ್ಷಮಾಪಣೆಯೊಂದಿಗೆ.
3. ಶ್ರೀಮತಿ ಜುಲೈಕಾ, ಫರಂಗಿಪೇಟೆ, ಕಾಗುಣಿತ ಪರಿಶೀಲನೆಗಾಗಿ.
4. ಸೂಚನಾ ಫಲಕಕ್ಕೆ (ಫಲಕ ಸಿಕ್ಕಿದ ಮೇಲೆ).
5. ಸಿದ್ಧಕಟ್ಟೆ ಮಾರ್ಗವಾಗಿ ಬಂಟ್ವಾಳಕ್ಕೆ ಹೋಗುವ ಸಂಜೆಯ ಬಸ್ಸಿನ ನಿರ್ವಾಹಕರಿಗೆ, ಭಾನುವಾರ ಕಾಲೇಜಿನ ಗೇಟಿನ ಬಳಿ ಸ್ವಲ್ಪ ನಿಲ್ಲಿಸುವಂತೆ ಕೋರಿ. ಈಗೀಗ ಕಮ್ಮಟದಲ್ಲಿ ಯಾರೂ ಕುರ್ಚಿ ಬಿಟ್ಟು ಬೇಗ ಏಳುವುದಿಲ್ಲ.